ಸೊನ್ನೆ ಬರೆದ ವರ್ಷಗಳು

ಸೆಪ್ಟೆಂಬರ್ 18, ಸೋಮವಾರ. ಬೆಳಿಗ್ಗೆ ಆರೂವರೆ

ಮತ್ತೆ ಜಾರಿದ್ದೆ. ಎದ್ದಾಗ ಕಾಲು ಮಂಚದ ಹೊರಗೆ. ದಿಂಬು ಮೇಲೆಲ್ಲೋ, ಗುಡ್ಡದ ತುದಿಯಲ್ಲಿ ಉಳಿದುಹೋದ ಕುರಿಯ ಹಾಗೆ. ಮಂಚದ ತಲೆಯ ಕಡೆಯ ಕಾಲುಗಳಿಗೆ ಹಲಗೆ ಕೊಟ್ಟು ಹತ್ತು ವರ್ಷವಾಯಿತು. ಇಳಿಜಾರಿನಲ್ಲಿ ಮಲಗುವುದು, ಕಣಿವೆಯಲ್ಲಿ ಏಳುವುದು.

ಮಾತ್ರೆ ನುಂಗಿದೆ. ಇನ್ನು ಅರ್ಧ ಗಂಟೆ ಏನೂ ತಿನ್ನುವಂತಿಲ್ಲ. ಈ ಪುಸ್ತಕ ಆ ಅರ್ಧ ಗಂಟೆಗಾಗಿಯೇ.

ಕನಸಿನಲ್ಲಿ ಚೀಲದೊಳಗಿದ್ದೆ. ಗೈದಾ ವಾದ್ಯದ ಮೇಕೆಚರ್ಮದ ಚೀಲ, ಊದಿ ತುಂಬಿ ತೋಳಿನಡಿ ಒತ್ತುವಂಥದ್ದು, ನಾನೇ ಹೊಲಿದದ್ದು, ಆದರೆ ಚರ್ಚಿನಷ್ಟು ದೊಡ್ಡದು. ಹೊರಗೆ ಯಾರೋ ಮೊಣಕೈಯಿಂದ ಒತ್ತುತ್ತಿದ್ದರು. ಶ್ರುತಿ ಎಡೆಬಿಡದೆ ಮೊರೆಯುತ್ತಿತ್ತು. ಗಾಳಿಯ ಜೊತೆ ತೇಲಿ ಊದುಕೊಳವೆಯ ಬಾಯಿಗೆ ಹೋದೆ. ಅಲ್ಲಿ ತೊಗಲಿನ ನಾಲಿಗೆ ಮುಚ್ಚಿಕೊಂಡಿತ್ತು. ಭಯವಾಗಲಿಲ್ಲ. ಅದರ ಮೇಲೆ ಕೆನ್ನೆಯಿಟ್ಟು ಮಲಗಿದೆ.

ಹೆಂಡತಿ ಲಾಲ್ಕಾ ಕಾಫಿ ಇಡುತ್ತಾ ನೋಡಿದಳು. "ಇವತ್ತು ಎಲ್ಲೀವರೆಗೆ ಹೋಗಿದ್ದೆ?"

"ಮೊಣಕಾಲಿನವರೆಗೆ."

"ಇನ್ನೊಂದು ಹಲಗೆ ಕೊಟ್ರೆ ಸೀದಾ ಅಂಗಳಕ್ಕೇ ಇಳೀತೀಯ. ಹಾಗೇ ಬರ್ತಾ ಕಟ್ಟಿಗೆ ತಗೊಂಡು ಬಾ."

ಕೊಟ್ಟಿಗೆಯಲ್ಲಿ ಉಪ್ಪು-ಪಟಿಕದಲ್ಲಿಟ್ಟ ಚರ್ಮಕ್ಕೆ ಇಂದು ಮೂರನೆಯ ದಿನ. ತಿರುವಿ ಹಾಕಬೇಕು.

ಮಧ್ಯಾಹ್ನ

ಪ್ಲೋವ್ದಿವ್‌ನಿಂದ ಲಕೋಟೆ. ಡಾಕ್ಟರ್ ಬಕಾಲೊವ್ ಅವರ ಕೈಬರಹದ ವಿಳಾಸ. ಆಪರೇಷನ್ನಿನ ಇಪ್ಪತ್ತನೆಯ ವರ್ಷದ ಫಾರ್ಮು. ಬ್ರೆಡ್ ಡಬ್ಬಿಯ ಕೆಳಗಿಟ್ಟೆ.

ಸೆಪ್ಟೆಂಬರ್ 19

ಹತ್ತು ಪ್ರಶ್ನೆ. ಎದೆಯುರಿ ಎಷ್ಟು? ಮಲಗಿದಾಗ? ನುಂಗುವಾಗ ತಡೆ? ಹೊಟ್ಟೆಯುಬ್ಬರ? ಸೊನ್ನೆ ಎಂದರೆ ಏನೂ ಇಲ್ಲ. ಐದು ಎಂದರೆ ದಿನದ ಕೆಲಸ ನಿಲ್ಲುವಷ್ಟು. ಕೊನೆಯಲ್ಲಿ ಎರಡು ಬೇರೆ. ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ಒಟ್ಟಾರೆ ತೃಪ್ತಿ ಇದೆಯೇ?

ನನಗೆ ಮೂವತ್ತೆರಡಾಗಿದ್ದಾಗ ಬಕಾಲೊವ್ ನನ್ನ ಜಠರದ ಮೇಲ್ತುದಿಯನ್ನು ಅನ್ನನಾಳದ ಬುಡಕ್ಕೆ ಮಫ್ಲರಿನಂತೆ ಸುತ್ತಿ ಹೊಲಿದರು. ಕೆಳಗಿನ ಹುಳಿ ಮೇಲೆ ಬರಬಾರದೆಂದು. ಆಪರೇಷನ್ನಿಗೆ ಮುಂಚೆ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದ್ದರು. ನಾನು ಜೇಬಿನಿಂದ ಊದುಕೊಳವೆ ತೆಗೆದು, ಅದರ ತುದಿಯ ತೊಗಲಿನ ನಾಲಿಗೆಯನ್ನು ಬೆರಳಲ್ಲಿ ಆಡಿಸಿದೆ. ಒಳಗೆ ಹೋದ ಉಸಿರು ಹಿಂದಕ್ಕೆ ಬರುವುದಿಲ್ಲ. ಅವರು ನಕ್ಕರು. "ಹಾಗಾದ್ರೆ ನಾವಿಬ್ರೂ ಒಂದೇ ಕಸುಬಿನವರು, ಮೇಸ್ತ್ರಿ." ಅಂದಿನಿಂದ ನಾನು ಅವರಿಗೆ ಮೇಸ್ತ್ರಿ.

ಮೊದಲ ವರ್ಷ ಸೊನ್ನೆಗಳನ್ನು ಬರೆದದ್ದು ನಿಜ. ಐದನೆಯ ವರ್ಷ ಹೆಚ್ಚುಕಡಿಮೆ ನಿಜ. ತೇಗು ಬರುತ್ತಿರಲಿಲ್ಲ, ವಾಂತಿ ಬರುತ್ತಿರಲಿಲ್ಲ, ಸಂಜೆಯ ಹೊತ್ತಿಗೆ ಹೊಟ್ಟೆ ಬಿಗಿದ ಚೀಲ. ಬಾಯಿಗೆ ಬೆಂಕಿ ಬರುತ್ತಿದ್ದವನು ಇದನ್ನೆಲ್ಲ ತೊಂದರೆಯೆಂದು ಎಣಿಸುತ್ತಾನೆಯೇ? ಹತ್ತನೆಯ ವರ್ಷದ ಫಾರ್ಮು ಬಂದಾಗ ಎದೆಯುರಿ ಮರಳಿ ಒಂದು ಚಳಿಗಾಲ ಕಳೆದಿತ್ತು. ಊರಿನ ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟಿದ್ದಳು. ಬಕಾಲೊವ್‌ಗೆ ಸೊನ್ನೆ ಬರೆದೆ. ಹದಿನೈದನೆಯ ವರ್ಷವೂ ಸೊನ್ನೆ. ಮಾತ್ರೆ — ಇಲ್ಲ. ತೃಪ್ತಿ — ಇದೆ. ಜೊತೆಗೆ ಒಂದು ಬಾಟಲಿ ಜೇನು.

ಸೆಪ್ಟೆಂಬರ್ 24. ಸಂಜೆ

ನೆವೆನಾ ಫೋನು. ತಂಗಿಯ ಮಗಳು. ಮೂವತ್ತೊಂದು. ಸ್ಮೋಲ್ಯಾನಿನ ಶಾಲೆಯಲ್ಲಿ ಗೈದಾ ಕಲಿಸುತ್ತಾಳೆ, ನನಗಿಂತ ಚೆನ್ನಾಗಿ ನುಡಿಸುತ್ತಾಳೆ. ತಂಗಿ ಸ್ಪೇನಿನಲ್ಲಿ ಯಾರದೋ ಅಜ್ಜಿಯನ್ನು ನೋಡಿಕೊಂಡಿದ್ದಾಳೆ. ಹೀಗಾಗಿ ಹುಡುಗಿಯ ಸಂಗತಿಗಳೆಲ್ಲ ಮೊದಲು ನನಗೆ ಬರುತ್ತವೆ.

ಅವಳಿಗೂ ಇದೇ ಕಾಯಿಲೆ. ಗೊತ್ತಿತ್ತು. ಬಕಾಲೊವ್ ಬಳಿ ಹೋಗಿದ್ದಾಳೆ. ಅದು ಗೊತ್ತಿರಲಿಲ್ಲ.

"ಮಾವ, ತಾರೀಖು ಕೊಟ್ರು. ನವೆಂಬರ್ ಎರಡು. ಇದೇ ವರ್ಷ ರಿಟೈರ್ ಆಗ್ತಾರಂತೆ, ಕೊನೇ ಸಾಲಿನಲ್ಲಿ ನಾನು."

"ಗಟ್ಟಿ ಮಾಡ್ಕೊಂಡ್ಯಾ?"

"ನಿನ್ನ ಹೆಸರು ಹೇಳಿದ್ದೇ ತಡ, ಅವರ ಮುಖ ನೋಡ್ಬೇಕಿತ್ತು! 'ನಮ್ಮ ಮೇಸ್ತ್ರೀನಾ? ಹದಿನೈದು ವರ್ಷ ಆದ್ಮೇಲೂ ಎಲ್ಲಾ ಸೊನ್ನೆ ಕಣಮ್ಮ, ಮನೇಲಿ ಕೇಳು' ಅಂದ್ರು. ಏನು ಕೇಳೋದು, ನನಗೆ ಗೊತ್ತಲ್ಲ. ನೀನಿಲ್ದಿದ್ರೆ ನಾನು ಕತ್ತಿ ಹತ್ರ ಹೋಗ್ತಾನೇ ಇರ್ಲಿಲ್ಲ."

"ಒಳ್ಳೇದು" ಎಂದೆ.

ಕಿಟಕಿಯಾಚೆ ಮಂಜು ಇಳಿದು ಬೇಲಿಯನ್ನು ಒಂದೊಂದೇ ಗೂಟವಾಗಿ ನುಂಗುತ್ತಿತ್ತು. ಕೊನೆಯ ಗೂಟದವರೆಗೂ ನಿಂತು ನೋಡಿದೆ.

ಸೆಪ್ಟೆಂಬರ್ 26

ಯಾಕೆ ಸೊನ್ನೆ ಬರೆದೆ? ಹೆದರಿ ಅಲ್ಲ.

ಅಪ್ಪನ ಅಂಗಳದ ಪದ್ಧತಿ ಇದು. ಸಂತ ದಿಮಿತರನ ಹಬ್ಬದಂದು, ಅಪ್ಪನ ಕೈಯಲ್ಲಿ ಗೈದಾ ಮಾಡಿಸಿಕೊಂಡವರೆಲ್ಲ ಅದನ್ನು ತಂದು ಅವನೆದುರು ನುಡಿಸಬೇಕು. "ಹೇಗಿದೆ?" ಎಂದು ಕೇಳುತ್ತಾನೆ. "ಬಂಗಾರ, ಮೇಸ್ತ್ರಿ" ಎನ್ನಬೇಕು. ಚೀಲ ಸೋರಿ ಎದೆ ಬತ್ತಿಹೋಗಿದ್ದರೂ ಬಂಗಾರವೇ. ಮಾಡಿದವನ ಮುಖಕ್ಕೆ ಕೊರತೆ ಹೇಳುವುದೆಂದರೆ ಅವನ ಕಿವಿಯನ್ನು ಅವಮಾನಿಸಿದ ಹಾಗೆ. ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದ. ನಂತರ ಏನೂ ಹೇಳದೆ ಕೆಲವು ಗೈದಾಗಳನ್ನು ಒಳಗೆ ತೆಗೆದಿಡುತ್ತಿದ್ದ. ವಾರ ಬಿಟ್ಟು ಬಂದರೆ ಸರಿಯಾಗಿರುತ್ತಿತ್ತು. ಈಗ ನಾನೂ ಹಾಗೆಯೇ.

ಬಾಯಿ ಹೊಗಳುತ್ತದೆ, ಕಿವಿ ತಿಳಿದುಕೊಳ್ಳುತ್ತದೆ. ಬಕಾಲೊವ್ ತಿಳಿದುಕೊಂಡಿರಬೇಕು ಎಂದೇ ನಂಬಿದ್ದೆ. ತಾನೇ ಹೊಲಿದದ್ದಲ್ಲವೇ.

ಸೆಪ್ಟೆಂಬರ್ 30

ಫಾರ್ಮು ಇನ್ನೂ ಡಬ್ಬಿಯ ಕೆಳಗೆ. ಬೆಣ್ಣೆಯ ಕಲೆ ಬಿದ್ದಿದೆ.

ಅಕ್ಟೋಬರ್ 7, ಶನಿವಾರ

ಹೊಳೆಯ ಪಕ್ಕ ರಾಕಿಯಾ ಸಾರಾಯಿಯ ಭಟ್ಟಿ ಹಚ್ಚಿದ್ದಾರೆ. ಈ ಸಲ ಪ್ಲಮ್ ಬೆಳೆ ಜೋರು. ಸರದಿ ನಮ್ಮ ಪಕ್ಕದ ಮನೆಯ ವಿಚ್ಕೊನದು. ಹೋಗಿ ಒಲೆಗೆ ಕಟ್ಟಿಗೆ ಹಾಕುತ್ತಾ ಕುಳಿತೆ. ಹಬೆಯಲ್ಲಿ ಎಲ್ಲರ ಮುಖವೂ ನೀರೊಳಗೆ ಇದ್ದಂತೆ.

ವಿಚ್ಕೊ ಹಳೆಯ ಕಥೆ ತೆಗೆದ. ಅವನ ಮಗಳ ಮದುವೆ. ಹಳಸಿದ ಮಾಂಸ.

"ಎಲ್ಲಾರೂ ಬೇಲಿ ಹಿಡ್ಕೊಂಡು ಕಕ್ಕಿ ಹಗುರಾದ್ರು. ಬಾಯಿ ತೊಳ್ಕೊಂಡು ಮತ್ತೆ ಕುಣಿಯಕ್ಕೆ ಬಂದ್ರು. ಈ ಪುಣ್ಯಾತ್ಮ ಒಬ್ಬನೇ ನಿಂತಿದ್ದ, ಬಾಯಿ ಹೊಲಿದ ಮೂಟೆ ಥರ! ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ."

"ಆಮೇಲೆ?" ಎಂದು ಯಾರೋ.

"ಆಮೇಲೇನು, ಪೇಟೆ ಆಸ್ಪತ್ರೇಲಿ ಮೂಗಿಗೆ ನಳಿಗೆ ಹಾಕಿ ಎಳೆದ್ರು. ಅಲ್ವೇನೋ ಮನೋಲ್? ನಿನಗೆ ಕುಡಿಸೋದೇ ದಂಡ ಕಣೋ, ಒಂದು ತೇಗು ಕೊಡಲ್ಲ ನೀನು ಅತಿಥಿ ಮರ್ಯಾದೆಗೆ!"

ಎಲ್ಲರೂ ನಕ್ಕರು. ನಾನೂ. ಆ ರಾತ್ರಿ ಸಾಯುತ್ತೇನೆಂದುಕೊಂಡಿದ್ದೆ. ಅದನ್ನು ಹೇಳಿದರೆ ಕಥೆ ಕೆಡುತ್ತದೆ.

ನೆವೆನಾಗೆ ಈ ಕಥೆ ಗೊತ್ತು. ಅವಳೂ ನಗುತ್ತಾಳೆ.

ಅಕ್ಟೋಬರ್ 8

ಪೆನ್ಸಿಲಿನಲ್ಲಿ ಮೊದಲ ಸಾಲಿಗೆ ಮೂರು ಎಂದು ಬರೆದೆ. ಅಳಿಸಿದೆ. ಸೊನ್ನೆ ಬರೆದೆ. ಅದನ್ನೂ ಅಳಿಸಿದೆ. ಕಾಗದ ಅಲ್ಲಿ ತೆಳುವಾಗಿದೆ, ಬೆಳಕು ಕಾಣುತ್ತದೆ.

ಅಕ್ಟೋಬರ್ 15, ಭಾನುವಾರ

ನೆವೆನಾ ಬಂದಿದ್ದಳು. ಹೊಸ ಚೀಲ ಸಿದ್ಧವಾಗಿತ್ತು, ಅವಳ ತೋಳಿಗೆ ಅಳೆದು ನೋಡಬೇಕಿತ್ತು. ಜಗುಲಿಯಲ್ಲಿ ಕುಳಿತು ಊದಿದಳು. ಶ್ರುತಿ ಏರಿತು. ಆಮೇಲೆ ಹಾಡು, ಎದುರಿನ ಗುಡ್ಡ ನಿಧಾನವಾಗಿ ತಿರುಗತೊಡಗಿದಂತೆ. ಕಣ್ಣು ಮುಚ್ಚಿದ್ದೆ. ಎರಡನೆಯ ಸುತ್ತಿನಲ್ಲಿ ನಿಂತುಹೋಯಿತು. ನೋಡಿದರೆ ಕತ್ತಿನ ಕುಳಿಯ ಮೇಲೆ ಬೆರಳಿಟ್ಟು, ತುಟಿ ಬಿಗಿಹಿಡಿದು, ಬಂದದ್ದನ್ನು ಮತ್ತೆ ನುಂಗುತ್ತಿದ್ದಾಳೆ. ಆ ಭಂಗಿ ನನಗೆ ಗೊತ್ತು. ಕನ್ನಡಿಯಲ್ಲಿ ನೋಡಿದ್ದೇನೆ.

"ಮಾತ್ರೆ?" ಎಂದೆ.

"ದಿನಕ್ಕೆರಡು. ಉರಿ ಕಮ್ಮಿ ಆಗತ್ತೆ, ಬರೋದು ನಿಲ್ಲಲ್ಲ. ಬಗ್ಗಿದ್ರೆ ಬಂತು, ಊದಿದ್ರೆ ಬಂತು. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡ್ತೀನಿ ಮಾವ, ಸಂತೆ ಮುದುಕಿ ಥರ. ಮಕ್ಕಳಿಗೆ ಕಲಿಸ್ತಾ ಧ್ವನಿ ಒಡೆದುಹೋಗತ್ತೆ." ನಕ್ಕಳು. "ಇನ್ನು ಹದಿನೆಂಟು ದಿನ. ಆಮೇಲೆ ನಿನ್ನ ಹಾಗೆ ನಾನೂ ಬಂಗಾರ."

ಹೇಳಬೇಕೆಂದು ಬಾಯಿ ತೆರೆದೆ. "ಚಳಿಗೆ ಮೊದಲು ಚರ್ಮಕ್ಕೆ ಕೊಬ್ಬು ಸವರಬೇಕು" ಎಂದೆ.

ಕೋಟು ತರಲು ಒಳಗೆ ಹೋದವಳು ಮಲಗುವ ಕೋಣೆಯ ಬಾಗಿಲಲ್ಲಿ ನಿಂತಳು. "ಅತ್ತೆ, ಈ ಮಂಚದ ತಲೆ ಕಡೆ ಯಾಕೆ ಹೀಗೆ ಎತ್ತರದಲ್ಲಿದೆ?"

ಲಾಲ್ಕಾ ಹಿಟ್ಟಿನ ಕೈ ಒರೆಸಿಕೊಂಡಳು. "ಆ ಕಡೆ ನೆಲ ಇಳಿದಿದೆ ಕಣೇ. ಹಳೇ ಮನೆ."

ಅವಳ ಬಸ್ಸು ಹೋದ ಮೇಲೆ ಲಾಲ್ಕಾ ನನ್ನತ್ತ ನೋಡದೆ ಹೇಳಿದಳು. "ನಿನ್ನ ಸುಳ್ಳಿಗೆ ಇವತ್ತು ನಾನೂ ಒಂದು ಹಲಗೆ ಕೊಟ್ಟೆ. ಇನ್ನೊಂದ್ಸಲ ಕೊಡಲ್ಲ."

"ಹೇಳಿದ್ರೆ ಬೇಡ ಅಂತಾಳೆ. ಆಗ ಹೀಗೇ ಕೂತು ನಿದ್ದೆ ಮಾಡ್ಬೇಕು ಅವಳು."

"ಬೇಡ ಅನ್ಲಿ, ಬೇಕು ಅನ್ಲಿ. ಕತ್ತಿ ಹಾಕೋದು ಅವಳ ಹೊಟ್ಟೆಗೆ, ನಿನ್ನ ಮರ್ಯಾದೆಗಲ್ಲ."

ಅಕ್ಟೋಬರ್ 21. ನಸುಕು

ಕನಸು. ಬಕಾಲೊವ್ ನಮ್ಮ ಕೊಟ್ಟಿಗೆಯಲ್ಲಿ, ಅಪ್ಪನ ಮುಕ್ಕಾಲಿಯ ಮೇಲೆ ಕುಳಿತಿದ್ದಾರೆ. ಗೋಡೆಯ ಮೊಳೆಗಳಿಗೆ ಚೀಲಗಳು ತೂಗಿವೆ, ಒಂದೊಂದೂ ಉಸಿರಾಡುತ್ತಿದೆ, ನಿದ್ದೆ ಹೋದವರ ಹಾಗೆ. ಅವರು ಒಂದೊಂದರ ಬಳಿ ಹೋಗಿ ವಿನಯದಿಂದ ಕೇಳುತ್ತಾರೆ: ಹೇಗಿದ್ದೀರಿ? ಚೀಲಗಳು ಉತ್ತರಿಸುತ್ತವೆ. ಅವರು ಬರೆದುಕೊಳ್ಳುತ್ತಾರೆ. ಹತ್ತಿರ ಹೋದಾಗ ಕಂಡಿತು. ಅವರಿಗೆ ಕಿವಿಗಳಿರಲಿಲ್ಲ. ಅಲ್ಲಿ ನುಣುಪಾದ ಚರ್ಮ. ಮುಖದಲ್ಲಿ ಎಷ್ಟು ಶಾಂತಿ...

ಅಕ್ಟೋಬರ್ 26, ಗುರುವಾರ. ದಿಮಿತರನ ಹಬ್ಬ

ಹನ್ನೊಂದು ಜನ ಬಂದಿದ್ದರು. ಅಂಗಳದಲ್ಲಿ ಹುಲ್ಲು ಒದ್ದೆ. ಲಾಲ್ಕಾ ಪತಾತ್ನಿಕ್ ಬೇಯಿಸಿದ್ದಳು. ಆಲೂಗಡ್ಡೆಯ ಪರಿಮಳ ಗೇಟಿನವರೆಗೆ.

ಕೆಳಗಿನೂರಿನ ಮುದುಕ ಒಬ್ಬ ನುಡಿಸಿದ. ಎರಡನೆಯ ಉಸಿರಿಗೇ ಗೊತ್ತಾಯಿತು, ಊದುಕೊಳವೆಯ ನಾಲಿಗೆ ಒಣಗಿ ಮುರುಟಿದೆ. ಗಾಳಿ ಹಿಂದಕ್ಕೆ ನುಗ್ಗುತ್ತಿದೆ. ತುಟಿಯಿಂದ ಕೊಳವೆ ತೆಗೆಯಲಾರ, ಕೆನ್ನೆ ನೀಲಿಯಾಗಿದೆ.

"ಹೇಗಿದೆ, ತಾತ?"

"ಬಂಗಾರ, ಮೇಸ್ತ್ರಿ. ಏನೂ ಹೇಳೋ ಹಾಗಿಲ್ಲ."

ಗೈದಾ ತೆಗೆದುಕೊಂಡು ಒಳಗಿಟ್ಟೆ. ಅವನ ಮುಖದ ನೆಮ್ಮದಿ. ಕೇಳಿಸಿತಲ್ಲ ಎಂಬ ನೆಮ್ಮದಿ.

ಅಲ್ಲೇ, ಹೊಸ್ತಿಲ ಮೇಲೆ, ಒಂದು ಕಾಲು ಒಳಗೆ ಒಂದು ಹೊರಗೆ ಇಟ್ಟುಕೊಂಡು ನಿಂತುಬಿಟ್ಟೆ. ಬಕಾಲೊವ್‌ಗೆ ಕೇಳಿಸಲು ನಾನು ಏನು ನುಡಿಸಿದ್ದೇನೆ? ಕೇಳಿಸದು ಎಂದೇ ಅಲ್ಲವೇ ಅವರು ಕಾಗದ ಕಳಿಸುವುದು. ಆ ಕಾಗದವೇ ಅವರ ಕಿವಿ. ಅದರೊಳಗೆ ಹತ್ತು ವರ್ಷ ಮೇಣ ಸುರಿದಿದ್ದೇನೆ.

ನಾಳೆ ಬೆಳಗಿನ ಪ್ಲೋವ್ದಿವ್ ಬಸ್ಸು.

ಅಕ್ಟೋಬರ್ 27. ಬಸ್ಸಿನಲ್ಲಿ, ಹಿಂತಿರುಗುವಾಗ

ಅಕ್ಷರಗಳು ಕುಣಿಯುತ್ತಿವೆ. ಮರೆಯುವ ಮುನ್ನ ಬರೆದಿಡಬೇಕು.

ಬಕಾಲೊವ್‌ಗೆ ವಯಸ್ಸಾಗಿದೆ. ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳು, ಅರ್ಧಕ್ಕೆ ಪುಸ್ತಕ ತುಂಬಿದವು. ನನ್ನನ್ನು ಕಂಡು ಎದ್ದು ಬಂದು ಅಪ್ಪಿಕೊಂಡರು. "ಜೇನು ಎಲ್ಲಿ ಮೇಸ್ತ್ರಿ?"

"ಈ ಸಲ ತಂದಿಲ್ಲ, ಡಾಕ್ಟ್ರೇ."

ಹೇಳಿದೆ. ನಿಂತುಕೊಂಡೇ. ಹಲಗೆ, ಮಾತ್ರೆ, ಮದುವೆಯ ರಾತ್ರಿ, ಹತ್ತನೆಯ ವರ್ಷ, ಹದಿನೈದನೆಯದು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಒಂಬತ್ತು ವರ್ಷ ಸರಿಯಾಗಿತ್ತು. ಆಮೇಲೆ ಇಲ್ಲ. ಹೌದಾ?"

"ಹೌದು."

"ಮತ್ತೆ ಸೊನ್ನೆ ಯಾಕೆ ಬರೆದೆ?"

"ನಿಮ್ಮ ಕೈ ಕೆಲಸ. ನಿಮಗೇ ಹೇಗೆ ಹೇಳೋದು? ಗೊತ್ತಾಗಿರತ್ತೆ ಅಂದ್ಕೊಂಡಿದ್ದೆ."

"ಹೇಗೆ ಗೊತ್ತಾಗ್ಬೇಕು ನನಗೆ?" ಧ್ವನಿ ಏರಿತು. "ಇಪ್ಪತ್ತು ವರ್ಷ ನಿನ್ನ ಹೊಟ್ಟೆಗೆ ಕಿವಿ ಇಟ್ಕೊಂಡು ಕೂರ್ಬೇಕಿತ್ತಾ?"

 ಒಂದು ಹಾಳೆ ಎಳೆದುಕೊಂಡರು. ಉದ್ದನೆಯ ಪಟ್ಟಿ. ಹೆಸರು, ಊರು, ಅಂಕಿಗಳು. ಬೆರಳು ಇಳಿಸುತ್ತಾ ಹೋದರು.

"ಬಯಲಿನವರು. ಎರಡು, ಮೂರು, ಒಂದು, ನಾಲ್ಕು. ಗೊಣಗಾಟ. ಬೆಟ್ಟದವರು..." ಬೆರಳು ನಿಂತಿತು. "ಇಪ್ಪತ್ತೆರಡು ಜನ. ಸೊನ್ನೆ, ಸೊನ್ನೆ, ಸೊನ್ನೆ. ಎಲ್ಲಾರೂ ಜೇನು ಕಳಿಸ್ತಾರೆ. ಕಾರಣ ಏನಿರಬಹುದು ಅಂತ ಎಷ್ಟು ತಲೆ ಕೆಡಿಸ್ಕೊಂಡಿದೀನಿ ಗೊತ್ತಾ? ಇಳಿಜಾರು ಹತ್ತೋ ನಡಿಗೆ ಇರ್ಬೇಕು ಅಂದ್ಕೊಂಡೆ. ಆಮೇಲೆ ಮೊಸರು ಇರ್ಬೇಕು ಅಂದ್ಕೊಂಡೆ. ಮೊಸರಿನ ಬಗ್ಗೆ ಆರು ಪುಟ ಬರೆದಿದೀನಿ ಕಣಯ್ಯ!"

ನಗಲು ಶುರುಮಾಡಿದರು. ನಾನೂ. ನಗು ಎಲ್ಲಿ ನಿಲ್ಲಿಸಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು.

ಫಾರ್ಮು ತುಂಬಿಸಿದರು, ಒಂದೊಂದಾಗಿ, ನನ್ನ ಬಾಯಿಂದ. ಮೂರು. ನಾಲ್ಕು. ಎರಡು. ನಾಲ್ಕು. ಮಾತ್ರೆ: ಹೌದು. ನಂತರ ಒಳಗೆ ಕ್ಯಾಮೆರಾ ಇಳಿಸಿ ನೋಡಿದರು. ಸುತ್ತು ಸಡಿಲವಾಗಿದೆ, ಮೇಲಕ್ಕೆ ಜಾರಿದೆ. ಮತ್ತೆ ಹೊಲಿಯಬಹುದೇ ಎಂದು ಕೇಳಿದೆ.

"ಎರಡನೇ ಸಲ ಮೊದಲಿನ ಹಾಗಲ್ಲ. ಒಳಗೆಲ್ಲಾ ಗಾಯ ಕೂಡಿ ಗಂಟಾಗಿರತ್ತೆ. ನಿನಗೆ ಮಾತ್ರೆ ಹಿಡೀತಿದೆ, ಬಿಡು." ಕೊನೆಯ ಪ್ರಶ್ನೆಯ ಮೇಲೆ ಪೆನ್ನು ಇಟ್ಟರು. "ಒಟ್ಟಾರೆ ತೃಪ್ತಿ?"

"ಅದೊಂದು ಬಿಡಿ" ಎಂದೆ. ಖಾಲಿ ಬಿಟ್ಟರು.

"ಹುಡುಗಿಗೆ ಅಂಕಿ ಅಂಶ ನಾನು ಹೇಳ್ತೀನಿ. ಬಯಲಿನವರ ಲೆಕ್ಕದಲ್ಲಿ ಹತ್ತು ವರ್ಷಕ್ಕೆ ಮೂವರಲ್ಲಿ ಒಬ್ಬ ಮಾತ್ರೆಗೆ ವಾಪಸ್. ನಿಮ್ಮವರನ್ನ ಸೇರಿಸಿದ್ರೆ ಎಷ್ಟೋ, ದೇವರಿಗೇ ಗೊತ್ತು. ಉಳಿದದ್ದು ನೀನೇ ಹೇಳು. ಅದು ನನ್ನ ಪಟ್ಟೀಲಿಲ್ಲ."

ಬಾಗಿಲಲ್ಲಿ ತಿರುಗಿ ನೋಡಿದೆ. ಫೋನಿನ ಪುಸ್ತಕ ತೆಗೆದು, ಬೆಟ್ಟದ ಊರುಗಳ ಪುಟ ಹುಡುಕುತ್ತಿದ್ದರು.

ಅಕ್ಟೋಬರ್ 29, ಭಾನುವಾರ

ಸ್ಮೋಲ್ಯಾನ್. ನೆವೆನಾಳ ಅಡುಗೆಮನೆ. ಎಲ್ಲ ಹೇಳಿದೆ, ವರ್ಷ ವರ್ಷವಾಗಿ.  ಕೇಳಿಯಾದ ಮೇಲೆ ಎದ್ದು ಸಿಂಕಿನ ಕಡೆ ಮುಖ ಮಾಡಿ ನಿಂತಳು.

"ನೆಲ ಇಳಿದಿದೆ ಅಂದ್ಳು ಅತ್ತೆ."

"ಅವಳದೇನೂ ತಪ್ಪಿಲ್ಲ."

"ಇನ್ನು ನಾಲ್ಕು ದಿನ ಇದೆ ಮಾವ. ನಾಲ್ಕೇ ದಿನ. ಹೋದ ತಿಂಗಳು ಫೋನಲ್ಲಿ ಏನಂದೆ ನೀನು? ಒಳ್ಳೇದು ಅಂದೆ."

"ಅಂದೆ."

ನಲ್ಲಿ ತಿರುಗಿಸಿದಳು. ನಿಲ್ಲಿಸಿದಳು. "ಹೆದರಿದ್ದೆ ನಾನು. ನಿನ್ನ ನೋಡಿ ಹೆದರಿಕೆ ಬಿಟ್ಟೆ. ಈಗ ಆ ಧೈರ್ಯಾನೂ ನಂದಲ್ಲ ಅಂತಾಯ್ತು."

ಹೊರಗೆ ಶಾಲೆಯ ಮಕ್ಕಳಾರೋ ಒಂದೇ ಸ್ವರವನ್ನು ಹಿಡಿದು ಅಭ್ಯಾಸ ಮಾಡುತ್ತಿದ್ದರು. ಕೋಣೆಯಲ್ಲೆಲ್ಲ ಆ ಸ್ವರ ನೀರಿನಂತೆ ನಿಂತಿತ್ತು. ನಾವಿಬ್ಬರೂ ಅದರ ತಳದಲ್ಲಿ.

ಕೈ ಒರೆಸಿಕೊಂಡು ತಿರುಗಿದಳು. "ಒಂದೇ ಕೇಳ್ತೀನಿ. ಹೊಗಳಬೇಡ, ಹೆದರಿಸಬೇಡ. ಆ ಒಂಬತ್ತು ವರ್ಷ ಹೇಗಿತ್ತು?"

ಯೋಚಿಸಿದೆ. ನಿಜವಾಗಿಯೂ ಯೋಚಿಸಿದ್ದು ಬಹುಶಃ ಇದೇ ಮೊದಲು.

"ಚಪ್ಪಟೆ ಮಲಗ್ತಿದ್ದೆ" ಎಂದೆ. "ಹೊಲದಲ್ಲಿ, ಹುಲ್ಲಿನ ಮೇಲೆ, ಊಟ ಆದ ತಕ್ಷಣ. ಆಕಾಶ ನೋಡ್ತಾ. ಮದುವೆಗಳಲ್ಲಿ ಬೆಳಗಿನವರೆಗೂ ನುಡಿಸಿದೀನಿ. ಒಂದು ಹಾಡನ್ನೂ ನಡುವೆ ಬಿಟ್ಟಿಲ್ಲ."

ಅವಳು ಬೆರಳು ಮಡಚಿ ಎಣಿಸುತ್ತಿದ್ದಳು. ಮೂವತ್ತೊಂದು, ಮೂವತ್ತೆರಡು... ನಲವತ್ತಕ್ಕೆ ನಿಲ್ಲಿಸಿದಳು.

ಅಕ್ಟೋಬರ್ 31

ನೆವೆನಾ ಫೋನು. ಬಕಾಲೊವ್ ಜೊತೆ ಒಂದು ಗಂಟೆ ಮಾತಾಡಿದಳಂತೆ. "ಮಾಡಿಸ್ಕೋತೀನಿ. ನಿನ್ನ ಮಾತು ಕೇಳಿ ಅಲ್ಲ."

"ಸರಿ."

"ಇನ್ನೂ ಸಿಟ್ಟಿದೆ."

"ಇರಲಿ."

"ಆದ್ರೂ ಬಾ."

ನವೆಂಬರ್ 2, ಗುರುವಾರ. ಸಂಜೆ ಐದು

ಆಸ್ಪತ್ರೆ, ಮೂರನೆಯ ಮಹಡಿ. ಅವಳ ಮಂಚದ ಪಕ್ಕ. ಮಧ್ಯಾಹ್ನ ಆಪರೇಷನ್ ಕೋಣೆಯಿಂದ ಹೊರಗೆ ತಂದರು. ಬಕಾಲೊವ್ ಬಂದು ನೋಡಿ, ಸರಿಯಿದೆ ಎಂಬಂತೆ ತಲೆಯಾಡಿಸಿ ಹೋದರು. ಕಿಟಕಿಯಲ್ಲಿ ಊರಿನ ಏಳು ಗುಡ್ಡಗಳಲ್ಲಿ ಎರಡು, ಹೊಗೆಯ ಬಣ್ಣ. ಡ್ರಿಪ್ಪು ಎಷ್ಟೋ ಹೊತ್ತಿಗೊಂದು ಹನಿ ಬಿಡುತ್ತದೆ.

ಈಗಷ್ಟೇ ಕಣ್ಣು ತೆರೆದಳು. ನರ್ಸು ಚಮಚದಲ್ಲಿ ನೀರು ಕೊಟ್ಟು ಹೋದಳು.

"ಹೇಗಿದೆ?" ಎಂದು ಕೇಳಿದೆ.

"ಚೆನ್ನಾಗಿದೆ" ಎಂದಳು. ತಕ್ಷಣ. ನಿದ್ದೆಗಣ್ಣಿನಲ್ಲೇ. ನಮ್ಮ ಬೆಟ್ಟದ ಬಾಯಿ.

ಕುರ್ಚಿಯನ್ನು ಹತ್ತಿರ ಎಳೆದುಕೊಂಡೆ. ಮತ್ತೆ ಕೇಳಿದೆ.

ಈ ಸಲ ಮುಖ ತಿರುಗಿಸಿ ನನ್ನನ್ನು ನೋಡಿದಳು.  ಆಮೇಲೆ ಮೆಲ್ಲಗೆ ಹೇಳತೊಡಗಿದಳು. ಹೇಳುತ್ತಿದ್ದಾಳೆ, ಬರೆದುಕೊಳ್ಳುತ್ತಿದ್ದೇನೆ. ಹೊಟ್ಟೆಗಿಂತ ಹೆಗಲು ಹೆಚ್ಚು ನೋಯುತ್ತದೆಯಂತೆ. ಎಡ ಹೆಗಲು, ಒಳಗಿನಿಂದ, ಯಾರೋ ಹೆಬ್ಬೆರಳು ಒತ್ತಿದ ಹಾಗೆ. ಭಯವೂ ಇದೆಯಂತೆ, ನಿನ್ನೆಗಿಂತ ಕಡಿಮೆ. ನೀರು ಒಂದೊಂದೇ ಗುಟುಕು ಇಳಿಯುತ್ತದೆ, ತಣ್ಣಗೆ, ದಾರಿ ತಿಳಿಯುತ್ತದೆ, ಆದರೆ ಎದೆಯ ನಡುವೆ ಒಂದು ಕಡೆ ಬಂದು ನಿಂತು, ಆಮೇಲೆ ಇಳಿಯುತ್ತದೆಯಂತೆ. ಎಲ್ಲಿ ಎಂದು ಕೇಳಿದೆ, ಬೆರಳಿಟ್ಟು ತೋರಿಸಿದಳು, ಬರೆದುಕೊಂಡೆ.